ಚಿಕ್ಕವ್ವನ ಪಾಲಿನ ಸೊಲ್ಲು

ನಮ್ಮ ಚಿಕ್ಕವ್ವ ಪದ ಹೇಳುವುದನ್ನು ನಿಲ್ಲಿಸಿದ್ದು ಒಂದು ಪ್ಲೇಟಿನ ದೆಸೆಯಿಂದ. ಪ್ಲೇಟು ಅಂದರೆ ಗ್ರಾಮಫೋನಿನ ಕರೀ ತಟ್ಟೆ. ಪಿರಿಯಾಪಟ್ಟಣದ ಕಡೆಯ ಮೈಕ್‌ಸೆಟ್ಟಿನವರು ಅದನ್ನು ಹಾಗೇ ಕರೆಯುತ್ತಿದ್ದರು. ನಮ್ಮಪ್ಪನೂ ಮೈಕ್‌ಸೆಟ್ಟಿನವನೇ. ಹಾರನಹಳ್ಳಿ ಸುತ್ತಿನ ಊರುಗಳಲ್ಲಿ ಮದುವೆಯೋ ನಾಮಕರಣವೋ ನಾಟಕವೋ ಗೊತ್ತಾದರೆ ಅಪ್ಪನ ಹಾರನ್ನು, ಅಂದರೆ ಕಹಳೆಯಂಥ ಸ್ಪೀಕರು, ಮರ ಹತ್ತುತ್ತಿತ್ತು. ಕೆಲವು ಸಲ ಕೋಟೆ ತಾಲ್ಲೂಕಿನವರೂ ಗಾಡಿ ತಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

ಆ ಪ್ಲೇಟಿನಲ್ಲಿ ಇದ್ದದ್ದು ನಮ್ಮವ್ವನ ದನಿ. ಅವ್ವ ಮತ್ತು ಅವಳ ತಂಗಿ ಚಿಕ್ಕವ್ವ, ಇಬ್ಬರೂ ಮದುವೆಯ ಸೋಬಾನೆ ಪದಕ್ಕೆ ಹೆಸರಾದವರು. ನಮ್ಮಲ್ಲಿ ಸೋಬಾನೆಯನ್ನು ಹಾಡುವುದಿಲ್ಲ, ಹೇಳುತ್ತಾರೆ. ಎದುರುಬದುರು ಕೂತು ಒಬ್ಬಳು ಸಾಲು ಹೇಳಬೇಕು, ಇನ್ನೊಬ್ಬಳು ಅದನ್ನು ಎತ್ತಿಕೊಂಡು ತಿರುಗಿ ಹೇಳಬೇಕು. ಹಾಗೆ ಎತ್ತಿಕೊಳ್ಳುವುದಕ್ಕೆ ಸೊಲ್ಲು ಕೊಡುವುದು ಅನ್ನುತ್ತಾರೆ. ಅವ್ವ ಹೇಳುವವಳು, ಚಿಕ್ಕವ್ವ ಸೊಲ್ಲು ಕೊಡುವವಳು. ಸೊಲ್ಲು ಕೊಡುವವಳ ಗಂಟಲು ಗಟ್ಟಿ ಇಲ್ಲದಿದ್ದರೆ ಹೇಳುವವಳು ಎಷ್ಟು ಚೆನ್ನಾಗಿ ಹೇಳಿದರೂ ಪದ ನೆಲ ಬಿಟ್ಟು ಏಳುವುದಿಲ್ಲ ಎಂದು ಹಳಬರು ಚಿಕ್ಕವ್ವನನ್ನೇ ಹೆಚ್ಚು ಹೊಗಳುತ್ತಿದ್ದರಂತೆ.

ನಾನು ಐದಾರು ವರ್ಷದವನಿದ್ದಾಗ, ಚಿಕ್ಕವ್ವನಿಗೆ ಹತ್ತೊಂಬತ್ತು ಇದ್ದಾಗ, ಹಳ್ಳಿ ಪದಗಳನ್ನು ಹುಡುಕಿಕೊಂಡು ಬಂದ ಒಂದು ಕಂಪನಿಯವರು ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ಪದ ಹೇಳಿಸಿದರು. ಕೆಲವು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಪ್ಲೇಟು ಬಂತು. ಊರಲ್ಲಿ ಪ್ಲೇಟು ಹಾಕುವ ಯಂತ್ರ ಇದ್ದದ್ದು ಅಪ್ಪನೊಬ್ಬನ ಹತ್ತಿರ. ಹುಣಸೇಮರಕ್ಕೆ ಹಾರನ್ನು ಕಟ್ಟಿ, ಊರನ್ನೆಲ್ಲ ಕರೆದು ಹಾಕಿಯೇ ಬಿಟ್ಟ. ಅವ್ವನ ದನಿ ಬಂತು. ಸಾಲು ಮುಗಿಯಿತು. ಚಿಕ್ಕವ್ವನ ದನಿ ಬರಲಿಲ್ಲ. ಆ ಜಾಗದಲ್ಲಿ ಬರೀ ಹಾರನ್ನಿನ ಗುಂಯ್ ಎನ್ನುವ ಸದ್ದು. ಮತ್ತೆ ಅವ್ವನ ಸಾಲು, ಮತ್ತೆ ಗುಂಯ್. ಹೊಸ ಸೀರೆ ಉಟ್ಟು ಮುಂದೆ ನಿಂತಿದ್ದ ಚಿಕ್ಕವ್ವನ ಕಡೆ ಊರೆಲ್ಲ ತಿರುಗಿ ನೋಡಿತಂತೆ. ಅಷ್ಟರಲ್ಲಿ ಯಾರೋ ಮುದುಕಿ, ಹುಡುಗಿಯ ಮಾನ ಉಳಿಸೋಣವೆಂದು, ಗುಂಪಿನೊಳಗಿಂದಲೇ ಸೊಲ್ಲು ಕೊಟ್ಟಳು. ಮುಂದಿನ ಸಾಲಿಗೆ ನಾಲ್ಕು ಹೆಂಗಸರು ಸೇರಿದರು. ಪ್ಲೇಟು ಮುಗಿಯುವ ಹೊತ್ತಿಗೆ ಚಿಕ್ಕವ್ವ ಅಲ್ಲಿರಲಿಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಯಾರ ಮದುವೆಯಲ್ಲೇ ಆಗಲಿ, ಅರಿಶಿನ ಹಚ್ಚುವ ಹೊತ್ತಿಗೆ ಅಪ್ಪ ಆ ಪ್ಲೇಟು ಹಾಕಬೇಕು, ಚಪ್ಪರದ ಹೆಂಗಸರು ಖಾಲಿ ಜಾಗಕ್ಕೆ ಸೊಲ್ಲು ಕೊಡಬೇಕು. ಕಂಪನಿಯವರು ಜಾಣರು, ಮದುವೆ ಮನೆಯವರಿಗೇ ಅಂತ ಜಾಗ ಬಿಟ್ಟಿದ್ದಾರೆ ಎಂದು ಎಲ್ಲರೂ ನಂಬಿದರು. ನಾನೂ ನಂಬಿದ್ದೆ. ಆ ಪದ ಶುರುವಾದ ಕೂಡಲೇ ಚಿಕ್ಕವ್ವ ಮಾತ್ರ ಎದ್ದು ಅಡುಗೆಯ ಒಲೆಗಳ ಕಡೆ ಹೋಗಿಬಿಡುತ್ತಿದ್ದಳು. ತನ್ನ ಮಗಳ ಮದುವೆಯಲ್ಲೂ ಎದ್ದು ಹೋದಳು. ಯಾರಾದರೂ ಒತ್ತಾಯ ಮಾಡಿದರೆ ಒಂದೇ ಮಾತು ಹೇಳುತ್ತಿದ್ದಳು: ನನ್ನ ದನಿ ಚೆನ್ನಾಗಿಲ್ಲ ಅಂತ ಓದಿದೋರೇ ತೆಗೆದು ಎಸೆದವ್ರೆ, ನಾನೇನು ಹೇಳೋದು ಬುಡಿ.

ಅಪ್ಪ ಹೋದ, ಅವನಾದ ಮೇಲೆ ಅವ್ವನೂ ಹೋದಳು. ಯಂತ್ರ, ಹಾರನ್ನು, ಪ್ಲೇಟು ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಹುಣಸೂರಿನ ನನ್ನ ಮನೆಯ ಅಟ್ಟಕ್ಕೆ ಹಾಕಿದ್ದೆ. ನಾನು ಇಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲಿ ಅಂತ ಗಿರಾಕಿಗಳೆಲ್ಲ ಹೇಳುತ್ತಾರೆ. ಕೆಲಸ ಚೆನ್ನಾಗಿ ಮಾಡುತ್ತಾನೆ ಅಂತಲೂ ಹೇಳುತ್ತಾರೆ, ಅದಕ್ಕೇ ಅಂಗಡಿ ನಡೆದಿದೆ. ಕಳೆದ ಬೇಸಿಗೆಯ ಶುರುವಿನಲ್ಲಿ ನನ್ನ ಮಗಳು ಅಜ್ಜಿಯ ದನಿ ಹೇಗಿತ್ತಪ್ಪ ಎಂದು ಕೇಳಿದಳು. ಹೇಳೋಣವೆಂದು ಬಾಯಿ ತೆರೆದೆ. ದನಿಯನ್ನು ಹೇಗೆ ಹೇಳುವುದು? ಎದ್ದು ಏಣಿ ಹಾಕಿದೆ.

ಯಂತ್ರದ ಧೂಳು ಹೊಡೆದು, ಅಪ್ಪನ ಹಳೆಯ ಮೈಕ್ ಆಂಪ್ಲಿಫೈಯರಿಗೂ ಹಾರನ್ನಿಗೂ ಸೇರಿಸಿ, ಕರೆಂಟು ಕೊಟ್ಟೆ. ಗುಂಯ್ ಅಂತು. ಚಿಕ್ಕಂದಿನ ಅದೇ ಸದ್ದು, ಇನ್ನೂ ಜೋರಾಗಿ. ನಾನು ಮೋಟಾರಿನವನಲ್ಲವೇ, ನನಗೆ ಜಗತ್ತಿನ ಸದ್ದೆಲ್ಲ ಮೋಟಾರಿನದೇ. ಯಂತ್ರದ ಪುಟಾಣಿ ಮೋಟಾರನ್ನು ಬಿಚ್ಚಿದೆ, ತೊಳೆದೆ, ಬುಷ್ಷಿಗೆ ಎಣ್ಣೆ ಬಿಟ್ಟೆ, ಗಟ್ಟಿಯಾಗಿದ್ದ ರಬ್ಬರ್ ಚಕ್ರವನ್ನು ಮರಳು ಕಾಗದದಿಂದ ಉಜ್ಜಿದೆ. ಎರಡು ದಿನ ಅಂಗಡಿಗೆ ಬಂದವರನ್ನೆಲ್ಲ ಬೈದು ಕಳಿಸಿದೆ. ಮೂರನೇ ದಿನ ಜೋಡಿಸಿ ಹಾಕಿದರೆ ಮತ್ತೆ ಗುಂಯ್. ಕಾಫಿ ತಂದ ನನ್ನ ಹೆಂಡತಿ ಲೋಟ ಕೆಳಗಿಡುತ್ತಾ, ತಟ್ಟೆ ತಿರುಗುತ್ತಲೇ ಇಲ್ಲ, ಆದರೂ ಸದ್ದು ಬರುತ್ತಿದೆಯಲ್ಲ ಎಂದಳು. ಹೌದು, ನಾನು ಮೋಟಾರಿನ ಸ್ವಿಚ್ಚನ್ನೇ ಹಾಕಿರಲಿಲ್ಲ. ಎರಡು ದಿನ ಏನೂ ತಪ್ಪು ಮಾಡದ ಮೋಟಾರಿಗೆ ಶಿಕ್ಷೆ ಕೊಟ್ಟಿದ್ದೆ. ಕಾಫಿ ಆರಿಹೋಗುವವರೆಗೂ ಅವಳ ಮುಖ ನೋಡಲಿಲ್ಲ.

ಸಿಟ್ಟಿನಲ್ಲಿ ಯಂತ್ರದ ಲೋಹದ ಕೈಯನ್ನು, ಪ್ಲೇಟಿನ ಮೇಲೆ ಓಡುವ ಮುಳ್ಳು ಇರುವುದನ್ನು, ಹಿಡಿದೆ. ಗುಂಯ್ ಅರ್ಧಕ್ಕೆ ಇಳಿಯಿತು. ಕೈ ಬಿಟ್ಟೆ, ಏರಿತು. ಹಿಡಿದೆ, ಇಳಿಯಿತು. ಮೂವತ್ತು ವರ್ಷ ಕರೆಂಟಿನ ಜೊತೆ ಬಾಳಿದವನು ನಾನು, ಆದರೂ ಮೈ ಜುಂ ಎಂದಿತು. ನನ್ನ ಮೈಯೊಳಗಿಂದ ಹಾದು ಏನೋ ನೆಲಕ್ಕೆ ಇಳಿದುಹೋಗುತ್ತಿತ್ತು, ಅದು ಇಳಿದಷ್ಟು ಸದ್ದು ಸಾಯುತ್ತಿತ್ತು. ಆಗ ಪ್ಲಗ್ಗನ್ನು ತಿರುಗಿಸಿ ನೋಡಿದೆ. ಕರೆಂಟಿಗೆ ನೆಲದ ದಾರಿ ಕೊಡುವ ದಪ್ಪನೆಯ ಮೂರನೇ ಪಿನ್ನನ್ನು, ಅಂದರೆ ಅರ್ತ್ ಪಿನ್ನನ್ನು, ಅಪ್ಪ ಗರಗಸದಲ್ಲಿ ಕತ್ತರಿಸಿಬಿಟ್ಟಿದ್ದ. ಆಗಿನ ಮದುವೆ ಚಪ್ಪರಗಳಲ್ಲಿ ಇದ್ದದ್ದೆಲ್ಲ ಎರಡು ತೂತಿನ ಬೋರ್ಡು. ಮೂರನೇ ಪಿನ್ನು ಅವರಿಗೆ ಅಡ್ಡಿಯೇ ಹೊರತು ಉಪಯೋಗದ್ದಲ್ಲ. ಯಂತ್ರದಿಂದ ಆಂಪ್ಲಿಫೈಯರಿನ ಡಬ್ಬಕ್ಕೆ ಹೋಗಬೇಕಾದ ಅರ್ತ್ ತಂತಿಯೂ ತುಂಡಾಗಿತ್ತು.

ಹೊಸ ಪ್ಲಗ್ಗು ಹಾಕಿದೆ, ತುಂಡಾದ ತಂತಿ ಕಟ್ಟಿದೆ. ಸದ್ದು ಇಳಿಯಿತು, ಪೂರ್ತಿ ಹೋಗಲಿಲ್ಲ. ಮನೆಯ ಅರ್ತ್ ಗುಂಡಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದೆ. ಗುಂಡಿಗೆ ನೀರು ಹಾಕ್ರಪ್ಪ, ಒಣಗಿದ ನೆಲ ಕರೆಂಟು ಕುಡಿಯಲ್ಲ ಎಂದು ಸಾವಿರ ರೈತರಿಗೆ ಬೈದಿರುವ ನಾನು, ನನ್ನ ಮನೆಯ ಗುಂಡಿಗೆ ಒಂದು ಚೊಂಬು ನೀರು ಹಾಕಿದವನಲ್ಲ. ಹೆಂಡತಿಗೆ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವಳು ಎರಡು ಕೊಡ ನೀರು ಸುರಿದಳು. ನಾನು ಒಳಗೆ ಹಾರನ್ನಿನ ಬಾಯಿಗೆ ಕಿವಿ ಕೊಟ್ಟು ಕೂತಿದ್ದೆ. ಹಿತ್ತಲಲ್ಲಿ ಮಣ್ಣು ನೀರು ಕುಡಿಯುತ್ತಾ ಹೋಯಿತು, ನಡುಮನೆಯಲ್ಲಿ ಸದ್ದು ಸಣ್ಣದಾಗುತ್ತಾ ಹೋಯಿತು. ಒಂದು ಗಳಿಗೆಯಲ್ಲಿ ಅದು ಇಲ್ಲವೇ ಇಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ನೆಲ ಅನ್ನುವುದು ಎಷ್ಟು ದೊಡ್ಡದು ಅಂತ ನನಗೆ ಅವತ್ತು ಮೊದಲ ಸಲ ಅನ್ನಿಸಿತು.

ಪ್ಲೇಟು ಹಾಕಿದೆ. ಅವ್ವ ಬಂದಳು. ಸಾಲಿಗೆ ಮುಂಚೆ ಅವಳು ಎಳೆದುಕೊಳ್ಳುವ ಉಸಿರು ಕೂಡ ಕೇಳಿಸಿತು. ಮದುವೆ ಮನೆಯ ಗದ್ದಲದಲ್ಲಿ ಆ ಉಸಿರನ್ನು ಯಾರೂ ಕೇಳಿರಲಿಕ್ಕಿಲ್ಲ. ಮಗಳು ಕೈ ಬಾಯಿಗಿಟ್ಟುಕೊಂಡು ಕೂತಿದ್ದಳು. ನಾನು ಅತ್ತೆ, ಅದನ್ನು ಮುಚ್ಚಿಡುವುದೇನಿದೆ. ಮೊದಲ ಸಾಲು ಮುಗಿದು ಖಾಲಿ ಜಾಗ ಬಂತು. ಆಗ ಆ ಖಾಲಿ ಜಾಗದಲ್ಲಿ, ಪಕ್ಕದ ಮನೆಯಿಂದ ಬಂದ ಹಾಗೆ, ಕೇಳಿಯೂ ಕೇಳದಷ್ಟು ಸಣ್ಣಗೆ ಇನ್ನೊಂದು ದನಿ ಕೇಳಿಸಿತು. ಯಾರೋ ಸೊಲ್ಲು ಕೊಡುತ್ತಿದ್ದರು. ಅಷ್ಟು ವರ್ಷ ಗುಂಯ್ ಅನ್ನುವುದು ಅದನ್ನು ಮುಚ್ಚಿಹಾಕಿತ್ತು.

ಮಾರನೆಯ ದಿನವೇ ಚಿಕ್ಕವ್ವನ ಊರಿಗೆ ಹೋದೆ. ಅವಳನ್ನು ಕೊಟ್ಟದ್ದು ಗಾವಡಗೆರೆಯ ಹತ್ತಿರದ ಹಳ್ಳಿಗೆ, ಹೊಗೆಸೊಪ್ಪು ಬೆಳೆಯುವ ಮನೆಗೆ. ಈಗ ಎಪ್ಪತ್ತರ ಹತ್ತಿರ ಅವಳಿಗೆ. ಪ್ಲೇಟಿನ ವಿಷಯ ಎತ್ತಿದರೆ ಎದ್ದುಹೋಗುತ್ತಾಳೆ ಅಂದುಕೊಂಡಿದ್ದೆ, ಹೋಗಲಿಲ್ಲ. ಮೈಸೂರಿನ ಆ ದಿನವನ್ನು ನಿಧಾನವಾಗಿ ಹೇಳಿದಳು. ದೊಡ್ಡ ಕೋಣೆಯ ಆ ತುದಿಗೆ ಅಕ್ಕನನ್ನು, ಈ ತುದಿಗೆ ಇವಳನ್ನು ಕೂರಿಸಿದ್ದರಂತೆ. ಇಬ್ಬರ ಮುಂದೆಯೂ ಒಂದೊಂದು ಮೈಕು. ಇವಳ ಗಂಟಲು ಜೋರಾಗಿದೆ ಎಂದು ಎರಡು ಸಲ ಹಿಂದಕ್ಕೆ ಸರಿಸಿದರಂತೆ. ಆಗಲೇ ನನಗೆ ಗೊತ್ತಾಯಿತು, ಇವರಿಗೆ ನನ್ನ ದನಿ ಹಿಡಿಸಲಿಲ್ಲ ಅಂತ, ಎಂದಳು. ಖಾಲಿ ಜಾಗದಲ್ಲಿ ಸಣ್ಣಗೆ ಏನೋ ಕೇಳಿಸುತ್ತದೆ ಎಂದು ನಾನು ಹೇಳಿದೆ. ಅದಕ್ಕೂ ಅವಳ ಬಳಿ ಉತ್ತರವಿತ್ತು: ನನ್ನ ಮೈಕು ಮುಚ್ಚವ್ರೆ, ಅಕ್ಕನ ಮೈಕಿಗೆ ಬಿದ್ದ ಚೂರು ಅದು. ನನಗೂ ಅದೇ ಸರಿ ಅನ್ನಿಸಿತು. ಸುಮಾರು ಐವತ್ತು ವರ್ಷ ಅವಳು ಹೊತ್ತುಕೊಂಡು ಬಂದ ಮಾತು ಪೂರ್ತಿ ನಿಜ ಎಂದು ಕೈಯಾರೆ ರುಜುವಾತು ಮಾಡಿ ಬಂದ ಹಾಗಾಯಿತು. ವಾಪಸು ಬರುವಾಗ ನನ್ನ ಮೇಲೇ ಅಸಹ್ಯವಾಯಿತು.

ಆದರೂ ಮನಸ್ಸು ಒಪ್ಪಲಿಲ್ಲ. ಬೇಡ ಅನ್ನುವ ದನಿಗೆ ಬೇರೆ ಮೈಕು ಯಾಕೆ ಇಡುತ್ತಾರೆ? ಯಂತ್ರವನ್ನು ಬೋರಲು ಹಾಕಿ ಅಡಿಯ ಹಲಗೆ ಬಿಚ್ಚಿದೆ. ಒಳಗಿಂದ ಬರುವ ತಂತಿಗಳು ಎರಡು. ಒಂದು ಆಂಪ್ಲಿಫೈಯರಿಗೆ ಹೋಗುತ್ತಿತ್ತು. ಇನ್ನೊಂದನ್ನು ಮಡಚಿ, ಕಪ್ಪು ಬಟ್ಟೆ ಟೇಪು ಸುತ್ತಿ, ಮೂಲೆಗೆ ಕಟ್ಟಿಟ್ಟಿತ್ತು. ನೋಡಿದ ಕೂಡಲೇ ನೆನಪಾಯಿತು. ಈ ಯಂತ್ರವನ್ನು ಅಪ್ಪ ಕೊಡಗಿನ ಒಂದು ತೋಟದ ಬಂಗಲೆಯವರಿಂದ ಕೊಂಡು ತಂದಿದ್ದ. ಅವನ ಮೈಕ್‌ಸೆಟ್ಟಿನಲ್ಲಿ ಪ್ಲೇಟಿನ ತಂತಿಗೆ ಇದ್ದದ್ದು ಒಂದೇ ತೂತು. ಎರಡನೇ ತಂತಿ ಯಾತಕ್ಕೆ ಎಂದು ಯಾರೋ ಕೇಳಿದ್ದಕ್ಕೆ ಅಪ್ಪ ಹೆಮ್ಮೆಯಿಂದ, ಅದು ಸ್ಪೇರ್ ಕಣಪ್ಪಾ, ಫಾರಿನ್ನೋರು ಒಂದು ಕೆಟ್ಟರೆ ಇರಲಿ ಅಂತ ಇನ್ನೊಂದು ಕೊಟ್ಟಿರ್ತಾರೆ ಎಂದಿದ್ದ. ಮೈಕ್‌ಸೆಟ್ಟಿನವರ ಬದುಕೆಲ್ಲ ಸ್ಪೇರಿನ ಮೇಲೆ ನಡೆಯುತ್ತಿತ್ತು. ಸ್ಪೇರ್ ಯೂನಿಟ್ಟು, ಸ್ಪೇರ್ ಫ್ಯೂಸು, ಸ್ಪೇರ್ ಮುಳ್ಳು. ಆಮೇಲೆ ತಂತಿ ಕೆಡಲಿಲ್ಲ, ಸ್ಪೇರಿಗೆ ಕೈ ಹಾಕುವ ಪ್ರಮೇಯ ಬರಲಿಲ್ಲ.

ಟೇಪು ಬಿಚ್ಚಿ ಆ ಎರಡನೇ ತಂತಿಯನ್ನು ಆಂಪ್ಲಿಫೈಯರಿಗೆ ಕೊಟ್ಟೆ. ಏನೂ ಬರಲಿಲ್ಲ. ಉಸಿರೂ ಇಲ್ಲ, ಗುಂಯ್ ಕೂಡ ಇಲ್ಲ. ಹತ್ತು ಎಚ್‌ಪಿ ಮೋಟಾರು ಬಿಚ್ಚುವ ನನ್ನ ಕೈಗೆ ಮುಳ್ಳು ಹೊತ್ತ ಆ ಲೋಹದ ಮುಂಗೈಯೊಳಗೆ ಹೋಗಲು ಧೈರ್ಯ ಬರಲಿಲ್ಲ. ಮುಳ್ಳು ಕೂರುವ ಪುಟ್ಟ ಗೂಡಿಗೆ ಬರುವ ನಾಲ್ಕು ತಂತಿಗಳು ಕೂದಲಿಗಿಂತ ಸಣ್ಣ. ಎಲ್ಲವನ್ನೂ ವ್ಯಾನಿಗೆ ಹಾಕಿಕೊಂಡು ಕೃಷ್ಣರಾಜನಗರಕ್ಕೆ ಹೋದೆ. ಅಲ್ಲಿ ರೇಡಿಯೋ ರಿಪೇರಿಯ ಹಿರಿಯರೊಬ್ಬರಿದ್ದಾರೆ. ಈಗ ಅವರ ಅಂಗಡಿಗೆ ಬರುವುದೆಲ್ಲ ಟಿವಿಯ ರಿಮೋಟುಗಳೇ. ಯಂತ್ರ ನೋಡಿದ್ದೇ ತಡ, ಕನ್ನಡಕ ಬದಲಾಯಿಸಿಕೊಂಡು ಕೂತರು. ಪ್ಲೇಟನ್ನು ಎತ್ತಿ, ಅದರ ಮೇಲಿನ ಸುರುಳಿ ಗೀರನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಮುಳ್ಳು ಕೆಟ್ಟಿದೆ, ಗೂಡು ಕೆಟ್ಟಿದೆ ಎಂದು ಒಂದೇ ಸಮ ಊಹೆ ಮಾಡುತ್ತಿದ್ದೆ. ಅವರಿಗೆ ಬೇಸರವಾಯಿತು ಅಂತ ಕಾಣುತ್ತದೆ.

"ಊಹೆ ಮಾಡ್ಬ್ಯಾಡಿ ಕಣ್ರೀ," ಅಂದರು. "ಈ ಕಡೆ ತಂತಿನ ಆ ಕಡೆ ಪಿನ್ನಿಗಾಕಿ, ಆ ಕಡೇದ ಈ ಕಡೆಗಾಕಿ. ಸದ್ದಿಲ್ದಿರೋದು ಯಾವ ಕಡೆಗೋಯ್ತದೆ ನೋಡಾನ."

ಅವರೇ ಚಿಮಟದಲ್ಲಿ ಹಿಡಿದು ತಂತಿಗಳನ್ನು ಅದಲುಬದಲು ಮಾಡಿದರು. ಅವ್ವನ ದನಿ ಬರುತ್ತಿದ್ದ ಒಳ್ಳೆಯ ತಂತಿಗೆ ಈಗ ಮುಳ್ಳಿನ ಇನ್ನೊಂದು ಮಗ್ಗುಲನ್ನು ಕೊಟ್ಟರು. ಪ್ಲೇಟಿನ ಮೇಲೆ ಮುಳ್ಳು ಇಳಿಯಿತು. ಅವ್ವ ಬರಲಿಲ್ಲ. ಅವ್ವನ ಸಾಲು ಇರಬೇಕಾದ ಕಡೆ, ಹಿಂದೆ ಎಲ್ಲೋ ದೂರದಲ್ಲಿ ಅವಳ ನೆರಳಿನಂಥ ಸದ್ದು. ಸಾಲು ಮುಗಿಯುವಷ್ಟು ಹೊತ್ತು ಕಾದೆವು. ಆಮೇಲೆ ಆ ಅಂಗಡಿಯೊಳಗೆ, ರಿಮೋಟುಗಳ ರಾಶಿಯ ನಡುವೆ, ಹತ್ತೊಂಬತ್ತು ವರ್ಷದ ಒಂದು ಹುಡುಗಿ ಗಂಟಲು ಬಿಚ್ಚಿ ಸೊಲ್ಲು ಕೊಟ್ಟಳು. ಅಂಥ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವ್ವನ ಸಾಲು ಎಲ್ಲಿ ಇಳಿಯುತ್ತಿತ್ತೋ ಅಲ್ಲಿಂದ ಎತ್ತಿಕೊಂಡು ಮೇಲಕ್ಕೆ ಒಯ್ಯುತ್ತಿತ್ತು. ಹಳಬರು ಹೇಳುತ್ತಿದ್ದದ್ದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಅವರು ಕಡಿಮೆಯೇ ಹೇಳಿದ್ದರು.

"ಈ ಪ್ಲೇಟಲ್ಲಿ ಇಬ್ರವ್ರೆ," ಅಂದರು ಹಿರಿಯರು.

ಆಮೇಲೆ ಅವರು ತಿಳಿಯುವ ಹಾಗೆ ಹೇಳಿಕೊಟ್ಟರು. ಪ್ಲೇಟಿನ ಗೀರು ಒಂದೇ, ಆದರೆ ಅದಕ್ಕೆ ಎರಡು ಗೋಡೆ. ಒಂದು ಗೋಡೆಯಲ್ಲಿ ಒಂದು ಮೈಕಿನ ದನಿ, ಇನ್ನೊಂದರಲ್ಲಿ ಇನ್ನೊಂದರ ದನಿ. ಒಂದೇ ಮುಳ್ಳು ಎರಡೂ ಗೋಡೆಗಳನ್ನು ಸವರಿಕೊಂಡು ಹೋಗುತ್ತದೆ, ಎರಡು ತಂತಿಯಲ್ಲಿ ಎರಡನ್ನೂ ಬೇರೆ ಬೇರೆ ಕಳಿಸುತ್ತದೆ. ಉಗುರಿನ ತುದಿಯಷ್ಟೂ ಅಗಲವಿಲ್ಲದ ಆ ಗೀರಿನಲ್ಲಿ ಅಕ್ಕ ತಂಗಿ ಎದುರುಬದುರು ಕೂತಿದ್ದರು. ಮದುವೆ ಮದುವೆಗೂ ಅಪ್ಪನ ಮುಳ್ಳು ಚಿಕ್ಕವ್ವನನ್ನು ಮುಟ್ಟಿಕೊಂಡೇ ಹೋಗಿತ್ತು. ಅವಳು ಪ್ರತಿ ಸಲವೂ ಸೊಲ್ಲು ಕೊಟ್ಟಿದ್ದಳು, ಅದು ಟೇಪು ಸುತ್ತಿದ ತಂತಿಯವರೆಗೆ ಬಂದು ನಿಂತಿತ್ತು.

ಅಟ್ಟದ ಮೇಲೆ ಬಿದ್ದಿದ್ದ ಕಾಲದಲ್ಲಿ ಆ ಕಡೆಯ ಸಣ್ಣ ತಂತಿ ಮುಂಗೈಯೊಳಗೆ ತುಂಡಾಗಿತ್ತು. ಹೊಸದು ಎಲ್ಲಿ ಸಿಗುತ್ತದೆ ಎಂದು ಹಿರಿಯರು ತಲೆ ಕೆರೆದುಕೊಂಡರು. ತಂತಿ ಹುಣಸೂರಿನ ನನ್ನ ಅಂಗಡಿಯಲ್ಲೇ ಇತ್ತು, ಯಂತ್ರವನ್ನು ಅಲ್ಲಿಗೇ ತಂದೆ. ಸಣ್ಣ ಫ್ಯಾನು, ಮಿಕ್ಸಿಗಳಿಗೆ ಸುತ್ತುವ ತಾಮ್ರದಲ್ಲಿ ಅತಿ ಸಣ್ಣದನ್ನು ತೆಗೆದು, ತುದಿಯ ವಾರ್ನಿಶ್ ಕೆರೆದು, ಉಸಿರು ಬಿಗಿಹಿಡಿದು ಮುಂಗೈಯೊಳಗೆ ತೂರಿಸಿದೆ. ಅಂಗಡಿಗೆ ಬಂದ ಗಿರಾಕಿಯೊಬ್ಬ ಇದೇನು ಅಂತ ಕೇಳಿದ, ನಾನು ಬೈಯಲಿಲ್ಲ. ಅವನು ನನಗೆ ಹುಷಾರಿಲ್ಲ ಅಂದುಕೊಂಡು ಹೋದ.

ರಿಪೇರಿ ಮುಗಿದ ಮೇಲೆ ನಾಲ್ಕು ದಿನ ಸುಮ್ಮನಿದ್ದೆ. ಚಿಕ್ಕವ್ವನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಅವಳ ದನಿಯನ್ನು ಓದಿದವರು ಎಸೆದಿರಲಿಲ್ಲ. ಅವಳ ಭಾವನೇ, ಅಷ್ಟು ಪ್ರೀತಿಯಿಂದ, ಸ್ಪೇರ್ ಎಂದು ಕಟ್ಟಿಟ್ಟಿದ್ದ. ಈಗ ಹೇಳಿದರೆ ಹೋದ ವರ್ಷಗಳು ಬರುತ್ತವೆಯೇ? ಹೇಳದೇ ಇರುವುದೇ ಮೇಲು ಅಂತಲೂ ಒಂದು ಹೊತ್ತು ಅನ್ನಿಸಿತು. ಹೆಂಡತಿ ಕೇಳಿದಳು, ಅದು ಅವರ ದನಿ, ಇಟ್ಟುಕೊಳ್ಳುವುದಕ್ಕೆ ನೀವು ಯಾರು ಎಂದು.

ಎರಡು ಆಂಪ್ಲಿಫೈಯರು, ಎರಡು ಬಾಕ್ಸ್ ಸ್ಪೀಕರು ಹೊಂದಿಸಿಕೊಂಡು ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳ ಮನೆ ಸೇರಿದೆ. ಹೊಗೆಸೊಪ್ಪಿನ ಕೆಲಸ ಮುಗಿದು ನಡುಮನೆ ಖಾಲಿಯಾಗಿತ್ತು, ಘಾಟು ಮಾತ್ರ ಉಳಿದಿತ್ತು. ಬಾಗಿಲ ಕಡೆ ಅವ್ವನ ಬಾಕ್ಸು, ಎದುರಿಗೆ ಚಿಕ್ಕವ್ವನ ಬಾಕ್ಸು ಇಟ್ಟೆ. ಮನೆಯ ಅರ್ತ್ ಗುಂಡಿಗೆ ನಾನೇ ನೀರು ಸುರಿದು ಬಂದೆ. ಚಿಕ್ಕವ್ವ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಳು. ಪ್ಲೇಟು ಅಂದ ಕೂಡಲೇ ಏಳಲು ನೋಡಿದಳು. ಒಂದು ಸಾಲು ಕೇಳಿ ಹೋಗು ಎಂದು ಬೇಡಿಕೊಂಡೆ. ಅವಳ ಸೊಸೆಯೂ ಕೈ ಒರೆಸಿಕೊಂಡು ಬಂದು ನಿಂತಳು.

ಅವ್ವ ಸಾಲು ಹೇಳಿದಳು. ಎದುರಿನ ಬಾಕ್ಸಿನಿಂದ ಸೊಲ್ಲು ಬಂತು, ತುಂಬು ಗಂಟಲಲ್ಲಿ.

ಚಿಕ್ಕವ್ವ ಬಾಕ್ಸನ್ನು ನೋಡಲಿಲ್ಲ. ಯಾರೋ ಬಂದರು ಅನ್ನುವ ಹಾಗೆ ಬಾಗಿಲನ್ನು ನೋಡಿದಳು. ಸೊಸೆ, ಯಾರತ್ತೆ ಇದು, ಎಂದು ಕೇಳಿದಳು. ಚಿಕ್ಕವ್ವ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದಳು. ಎರಡನೇ ಸಾಲು, ಎರಡನೇ ಸೊಲ್ಲು. ಮೂರನೆಯದು. ಇಬ್ಬರ ದನಿ ಆ ನಡುಮನೆಯ ಆ ತುದಿಯಿಂದ ಈ ತುದಿಗೆ ಓಡಾಡಿತು. ಪದ ಮುಗಿಯುವವರೆಗೂ ಅವಳು ಮಿಸುಕಲಿಲ್ಲ. ಮುಗಿದ ಮೇಲೆ ನಾನು ಎಲ್ಲವನ್ನೂ ಒಪ್ಪಿಸಿದೆ. ಅಪ್ಪ, ಒಂದು ತೂತು, ಸ್ಪೇರ್ ತಂತಿ, ಟೇಪು. ಅವಳು ಬೈಯಲಿ ಎಂದು ಕಾದೆ. ಅವಳು ಕೇಳಿದ್ದು, ನಿಮ್ಮವ್ವನಿಗೆ ಇದು ಗೊತ್ತಿತ್ತಾ ಅಂತ ಮಾತ್ರ. ಇಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಇನ್ನೊಂದ್ಸಲ ಆಕು ಮಗ," ಅಂದಳು. "ಅಕ್ಕನ್ ಕಡೇದ ಬಂದ್ ಮಾಡು. ಅವಳ್ದೊಂದ್ನೇ ಇಷ್ಟ್ ವರ್ಸ ಕೇಳಿದ್ದಾಯ್ತು. ನಂದೊಂದ್ನೇ ಕೇಳ್ತೀನಿ."

ಅವ್ವನ ದನಿಗಾಗಿಯೇ ಅಟ್ಟ ಹತ್ತಿದವನು ನಾನು. ಅವ್ವನ ಕಡೆಯ ವಾಲ್ಯೂಮ್ ತಿರುಪನ್ನು ತಿರುಗಿಸುವಾಗ ಒಳಗೆ ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೂ ಪೂರ್ತಿ ತಿರುಗಿಸಿದೆ. ಈಗ ನಡುಮನೆಯಲ್ಲಿ ಆ ಹುಡುಗಿಯೊಬ್ಬಳೇ. ಹೇಳುವವರಿಲ್ಲದೆ, ತನ್ನ ಸರದಿ ಬಂದಾಗ ಮಾತ್ರ ಗಂಟಲೆತ್ತಿ, ಮತ್ತೆ ಸುಮ್ಮನಾಗಿ, ಮತ್ತೆ ಎತ್ತಿ. ಚಿಕ್ಕವ್ವ ಕಣ್ಣು ಮುಚ್ಚಿಕೊಂಡು, ಬೇರೆ ಯಾರ ಮಗಳನ್ನೋ ಪರೀಕ್ಷೆ ಮಾಡುವವಳ ಹಾಗೆ ಕೇಳಿದಳು. ಒಂದೆರಡು ಕಡೆ ತಲೆಯಾಡಿಸಿದಳು. ಪ್ಲೇಟು ಮುಗಿದು ಮುಳ್ಳು ನಡುವಿನ ಗೀರಿನಲ್ಲಿ ಸುಮ್ಮನೆ ಸುತ್ತುತ್ತಿದ್ದಾಗ ಕಣ್ಣು ತೆರೆದು ನನ್ನನ್ನು ನೋಡಿದಳು.

"ಚೆನ್ನಾಗೇ ಯೋಳವ್ಳೆ ಕಣ್ಲಾ ಈ ಉಡುಗಿ," ಅಂದಳು. "ನಾನ್ಯಾಕ್ ಬುಟ್ಬುಟ್ಟೆ?"